ಆ ಚುಕ್ಕೆ ನೋಡಿ ಜಗಳ ಆಡ್ಬೇಡಿ

1/6
ಈ ವಾರ ಯಾರ ಸ್ಟೋರಿ ತೆಗೆದ್ರೂ ಅದೇ ನಾಲ್ಕು ಬಣ್ಣದ ಚೌಕ, ಒಳಗೊಂದು ಕೆಂಪು ಚುಕ್ಕೆ. ಪೊಲಿಟಿಕಲ್ ಕಂಪಾಸ್ ಕ್ವಿಜ್. ಅಡ್ಡಗೆರೆಯಲ್ಲಿ ಎಡ-ಬಲ ಆರ್ಥಿಕತೆ, ಉದ್ದಗೆರೆಯಲ್ಲಿ ಅಧಿಕಾರ-ಸ್ವಾತಂತ್ರ್ಯ. ಟೈಮ್‌ಪಾಸ್‌ಗೆ ಆಡಿ, ಬೇಡ ಅನ್ನಲ್ಲ. ಆದ್ರೆ ಆ ಚುಕ್ಕೆ ನೋಡಿ "ಓ ನೀನು ಆ ಪಾರ್ಟಿನಾ" ಅಂತ ಅನ್‌ಫಾಲೋ ಮಾಡ್ತಿದ್ದೀರಲ್ಲ, ನನ್ನ ತಕರಾರು ಅದಕ್ಕೆ.

2/6
2001ರಿಂದ ಇರೋ ಕ್ವಿಜ್ ಇದು. 62 ಹೇಳಿಕೆ, ಒಂದೊಂದಕ್ಕೂ ನಾಲ್ಕೇ ಉತ್ತರ: ಒಪ್ತೀನಿ, ಪೂರ್ತಿ ಒಪ್ತೀನಿ, ಒಪ್ಪಲ್ಲ, ಖಂಡಿತಾ ಒಪ್ಪಲ್ಲ. "ಗೊತ್ತಿಲ್ಲ" ಅನ್ನೋಕೆ ಜಾಗವೇ ಇಲ್ಲ. ನಿರುದ್ಯೋಗ ತಡೆಯೋದಕ್ಕಿಂತ ಹಣದುಬ್ಬರ ತಡೆಯೋದು ಮುಖ್ಯವಾ ಅಂತ ಒಂದು ಕಡೆ ಕೇಳ್ತಾರೆ. ಬಿಕಾಂನವರೇ, ಹೇಳಿ! ರಿಸರ್ವ್ ಬ್ಯಾಂಕಿನ ಆರು ಜನರ ಸಮಿತಿ ಎರಡು ತಿಂಗಳಿಗೊಮ್ಮೆ ಕೂತು ಬೆಲೆಯೇರಿಕೆಯೋ ಬೆಳವಣಿಗೆಯೋ ಅಂತ ತಲೆ ಕೆಡಿಸಿಕೊಳ್ಳುತ್ತೆ. ನಾವು ಎರಡು ಸೆಕೆಂಡಲ್ಲಿ ಕ್ಲಿಕ್ ಮಾಡಿ ಮುಂದೆ ಹೋಗ್ತೀವಿ. ಊಹೆ ಮಾಡಿದ್ದೂ ನಮ್ಮ "ಸಿದ್ಧಾಂತ"ದ ಲೆಕ್ಕಕ್ಕೆ ಸೇರುತ್ತೆ.

3/6
ಇನ್ನೊಂದು, ಯಾವ ಪ್ರಶ್ನೆಯ ಜೊತೆಗೂ ಬಿಲ್ ಬರಲ್ಲ. ಬಡವರಿಗೆ ಸಹಾಯ ಬೇಕಾ? ಬೇಕು. ತೆರಿಗೆ ಕಮ್ಮಿ ಆಗ್ಬೇಕಾ? ಆಗ್ಬೇಕು. ಎರಡಕ್ಕೂ ಹೂಂ ಅನ್ನಬಹುದು, ಯಾರೂ ಲೆಕ್ಕ ಕೇಳಲ್ಲ. ನಮ್ಮಲ್ಲಿ ನೋಡಿ: 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಣ್ಮಕ್ಕಳಿಗೆ ಬಸ್ ಫ್ರೀ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಏರಿ ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿ ಆಯ್ತು. ಖರ್ಚು ಇದ್ರೆ ಜಮಾ ಎಲ್ಲಿಂದಲಾದ್ರೂ ಬರಲೇಬೇಕು. ಆ ದುಡ್ಡು ಯಾರ ಜೇಬಿಂದ ಬರಬೇಕು ಅನ್ನೋ ಜಗಳವೇ ಅರ್ಧ ರಾಜಕೀಯ.

4/6
ಜ್ಯೋತಿಷ್ಯದ ಬಗ್ಗೆ ಪ್ರಶ್ನೆ ಇದೆ. ಅಮೂರ್ತ ಚಿತ್ರಕಲೆ ಕಲೆಯೇ ಅಲ್ವಾ ಅಂತಾನೂ ಇದೆ. ಜಾತಿ ಬಗ್ಗೆ ಒಂದೂ ಇಲ್ಲ, ಮೀಸಲಾತಿ ಬಗ್ಗೆಯೂ ಇಲ್ಲ. ದೇವರಾಜ ಅರಸು ಅವರನ್ನೇ ತಗೊಳ್ಳಿ. ಅವರ ಕಾಲದ 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರರಿಗೆ ಭೂಮಿ ಕೊಡಿಸ್ತು. ಕ್ವಿಜ್ ಅದನ್ನ ಸಲೀಸಾಗಿ "ಎಡ" ಅನ್ನುತ್ತೆ. 1972ರಲ್ಲಿ ಅವರ ಸರ್ಕಾರ ನೇಮಿಸಿದ ಹಾವನೂರು ಆಯೋಗದಿಂದ ಹಿಂದುಳಿದ ವರ್ಗಗಳ ಮೀಸಲಾತಿಗೆ ದಾರಿಯಾಯ್ತು. ಈ ರಾಜ್ಯದ ರಾಜಕಾರಣವನ್ನೇ ಬದಲಿಸಿದ ಆ ಕೆಲಸವನ್ನ ಯಾವ ಗೆರೆ ಮೇಲೆ ಇಡ್ತೀರಿ? ನಮ್ಮ ಕ್ಲಾಸಲ್ಲಿ ಅತಿ ಜೋರು ಜಗಳ ನಡೆಯೋದೇ ಈ ವಿಷಯಕ್ಕೆ. ಒಂದೇ ಚೌಕದಲ್ಲಿರೋ ಇಬ್ಬರು ಇಲ್ಲಿ ಕಚ್ಚಾಡ್ತಾರೆ.

5/6
"ಆದ್ರೂ ನನ್ನ ರಿಸಲ್ಟ್ ಕರೆಕ್ಟಾಗೇ ಬಂತಲ್ಲ ಮಗಾ" ಅಂತೀರಾ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಎಲ್ಲರಿಗೂ ಒಂದೇ ರಿಸಲ್ಟ್ ಹಂಚಿದರು. ಎಷ್ಟು ಸರಿ ಇದೆ ಅಂತ ಕೇಳಿದ್ರೆ, 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು! ಕಂಪಾಸ್ ಎಲ್ಲರಿಗೂ ಒಂದೇ ಚುಕ್ಕೆ ಕೊಡಲ್ಲ, ಒಪ್ಪೋಣ. ಆದ್ರೆ "ನನ್ನ ಥರಾನೇ ಇದೆ" ಅನ್ನಿಸಿದ ಮಾತ್ರಕ್ಕೆ ಅದು ಸರಿ ಅಂತ ಆಗಲ್ಲ.

6/6
ನಮ್ಮಲ್ಲಿ ಎಷ್ಟೋ ಜನ ಮುಂದಿನ ಚುನಾವಣೆಯಲ್ಲಿ ಮೊದಲ ವೋಟು ಹಾಕ್ತೀವಿ. ಅಷ್ಟರೊಳಗೆ ನಿಮ್ಮ ವಾರ್ಡಿಂದೋ ಪಂಚಾಯಿತಿಯಿಂದೋ ಒಂದೇ ಒಂದು ವಿಷಯ ಹಿಡ್ಕೊಳ್ಳಿ. ಕಸ, ಕುಡಿಯೋ ನೀರು, ಹಾಸ್ಟೆಲ್ ಸೀಟು, ಏನಾದ್ರೂ ಸರಿ. ಯಾರಿಗೆ ಲಾಭ, ಯಾರ ಜೇಬಿಗೆ ಕತ್ತರಿ, ಆ ಜೇಬು ನಂದೇ ಆಗಿದ್ರೂ ಒಪ್ತೀನಾ? ಈ ಮೂರಕ್ಕೆ ಉತ್ತರ ಬರೆದು ನೋಡಿ. ಯಾರನ್ನಾದ್ರೂ ಅನ್‌ಫಾಲೋ ಮಾಡೋ ಮುಂಚೆ ಅವರಿಗೂ ಇದೇ ಮೂರು ಕೇಳಿ. ಉತ್ತರ ಕೇಳಿದ ಮೇಲೂ ಸಿಟ್ಟು ಬಂದ್ರೆ, ಆಗ ಜಗಳ ಆಡೋಣ. ಆಗ ಜಗಳಕ್ಕೊಂದು ವಿಷಯವಾದ್ರೂ ಇರುತ್ತೆ.