ಜಗಲಿ ಇಳಿಯುವ ಲೆಕ್ಕ

ಬೂದಿಗೆರೆಯಂಥ ಊರಿನ ಹಳೆಯ ಮನೆಯನ್ನು ನೆನೆಯಿರಿ: ಜಗಲಿ, ಮೆಟ್ಟಿಲು, ಎತ್ತರದ ಹೊಸ್ತಿಲು. ಸೇನೆಯಲ್ಲಿ ಕಾಲು ಕಳೆದುಕೊಂಡು ಮರಳಿದವರಿಗೆ ಗಾಲಿಕುರ್ಚಿಯಿದ್ದರೂ ಹೊರಬರಲು ಇಬ್ಬರು ಎತ್ತಬೇಕು. ಆಸ್ಪತ್ರೆಯ ಸಮತಟ್ಟು ನೆಲದಲ್ಲಿ ಈ ತೊಂದರೆ ಕಾಣುವುದಿಲ್ಲ. ಆದ್ದರಿಂದಲೇ ಆಕ್ಯುಪೇಷನಲ್ ಥೆರಪಿಸ್ಟ್ ಮನೆಗೇ ಬರಬೇಕು.

ಫಿಸಿಯೋಥೆರಪಿಸ್ಟ್ ಗಮನ ಸ್ನಾಯು, ಕೀಲುಗಳ ಮೇಲಾದರೆ ಇವರದು ಸ್ನಾನ, ಊಟ, ಅಂಗಿಯ ಗುಂಡಿಯ ಮೇಲೆ. ಇವರ ಮುಖ್ಯ ಉಪಕರಣ ಅಳತೆ ಟೇಪು! ಜಗಲಿ 1 ಅಡಿ ಎತ್ತರವಿದ್ದರೆ ಇಳಿಜಾರು 12 ಅಡಿ ಉದ್ದವಿರಬೇಕು. ವಿದ್ಯಾರ್ಥಿಗಳೇ, ಇದು ನಿಮ್ಮ ಪಠ್ಯದ ಓರೆತಲವೇ. ಕುರ್ಚಿ ಸೇರಿ 84 ಕಿಲೋ ಇರುವವರು ಏರಲು, ಘರ್ಷಣೆ ಬಿಟ್ಟರೆ, ಸುಮಾರು 7 ಕಿಲೋ ಎತ್ತುವಷ್ಟು ಬಲ ಸಾಕು. ಬೆರಳು ಬಿಗಿಯಾಗಿ ಮಡಚಲಾಗದವರಿಗೆ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡುತ್ತಾರೆ. ಎಷ್ಟೋ ದುಬಾರಿ ಸಾಮಾನಿಗಿಂತ ಇದೇ ವಾಸಿ. ಕಷ್ಟವಿರುವುದು ಬೇರೆಡೆ: ಪ್ರೀತಿಯಿಂದ ತುತ್ತು ತಿನ್ನಿಸುವ ಮನೆಯವರಿಗೆ, ಅವರೇ ಉಣ್ಣಲಿ, ಚೆಲ್ಲಿದರೂ ಚೆಲ್ಲಲಿ ಎಂದು ಒಪ್ಪಿಸುವುದು.

ಮೊದಲ ಮಹಾಯುದ್ಧದ ಗಾಯಾಳುಗಳ ಆರೈಕೆಯಲ್ಲಿ ಬೆಳೆದ ಈ ವಿದ್ಯೆಗೆ ಭಾರತದಲ್ಲಿ ಮೊದಲ ಶಾಲೆ ತೆರೆದವರು ಕಮಲಾ ನಿಂಬಕರ್, 1950ರಲ್ಲಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ. ನಮ್ಮಲ್ಲಿ ಮಣಿಪಾಲದಲ್ಲಿ ಪದವಿ ಶಿಕ್ಷಣವಿದೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದವರು ವಿಚಾರಿಸಬಹುದು.