ಹೋರಿಗೂ ಹಬ್ಬವಾಗಲಿ

ದೀಪಾವಳಿಯ ಬಲಿಪಾಡ್ಯಮಿ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ದನದ ಮನೆಯೇ ದೇವರ ಮನೆಯಾಗುತ್ತದೆ. ಸಗಣಿಯಿಂದ ಹಟ್ಟೆವ್ವನನ್ನು ಮಾಡಿ, ಚೆಂಡುಹೂವು ಮುಡಿಸಿ ಪೂಜಿಸುತ್ತಾರೆ. ಎತ್ತು ಹೋರಿಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಝೂಲ ಹೊದಿಸುತ್ತಾರೆ. ವರ್ಷವಿಡೀ ನೊಗ ಹೊತ್ತ ಜೀವಕ್ಕೆ ಒಂದು ದಿನವಾದರೂ ಕೈಮುಗಿಯಬೇಕೆಂಬ ಕೃತಜ್ಞತೆ ಈ ಆಚರಣೆಯಲ್ಲಿದೆ. ಅಲ್ಲಿಂದ ಮೊದಲುಗೊಂಡು ಮುಂದಿನ ಕೆಲವು ತಿಂಗಳವರೆಗೆ ಊರಿಂದೂರಿಗೆ ಸಾಗುವುದು ಹೋರಿ ಹಬ್ಬ. ಜನರ ಬಾಯಲ್ಲಿ ಅದಕ್ಕೆ ಇನ್ನೊಂದು ಹೆಸರೂ ಉಂಟು. ಹೋರಿ ಬೆದರಿಸುವ ಸ್ಪರ್ಧೆ.

ಸ್ಪರ್ಧೆಯ ಕ್ರಮ ಸರಳವಾದುದು. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರಗಳನ್ನು ಕಟ್ಟುತ್ತಾರೆ. ಕೆಲವು ಹೋರಿಗಳಿಗೆ ಬಲೂನು, ಬಣ್ಣದ ಪಟ್ಟಿಗಳ ಎತ್ತರದ ಅಲಂಕಾರವೂ ಇರುತ್ತದೆ. ಊರ ಬೀದಿಯೇ ಅಖಾಡ. ಎರಡೂ ಬದಿಗೆ ಜನ ಕಿಕ್ಕಿರಿದಿರುವಾಗ ಒಂದು ತುದಿಯಿಂದ ಹೋರಿಯನ್ನು ಬಿಡುತ್ತಾರೆ. ಅದನ್ನು ತಡೆದು ಕೊಬ್ಬರಿ ಹರಿಯುವುದು ಯುವಕರ ಸಾಹಸ. ಯಾರ ಕೈಗೂ ಸಿಕ್ಕದೆ ಇನ್ನೊಂದು ತುದಿ ಮುಟ್ಟುವುದು ಹೋರಿಯ ಗೆಲುವು. ಗೆದ್ದ ಹೋರಿಯ ಒಡೆಯನಿಗೆ ಬಂಗಾರ, ಬೈಕು, ನಗದು ಮೊದಲಾದ ಬಹುಮಾನಗಳುಂಟು. ಅದಕ್ಕಿಂತ ಮಿಗಿಲಾಗಿ, ಹೋರಿಯ ಹೆಸರು ಹತ್ತೂರಿನ ಬಾಯಲ್ಲಿ ನಿಲ್ಲುತ್ತದೆ.

ಹೋರಿ ಕಟ್ಟಿದ ಮನೆಯ ಪ್ರೀತಿಯನ್ನು ಹತ್ತಿರದಿಂದ ಕಾಣದವರು ಈ ಹಬ್ಬವನ್ನು ಕುರಿತು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತಾರೆ. ಟ್ರ್ಯಾಕ್ಟರು ಬಂದ ಮೇಲೆ ಗೋವಿನಜೋಳ, ಹತ್ತಿ ಬೆಳೆಯುವ ಎಷ್ಟೋ ಹೊಲಗಳಲ್ಲಿ ಎತ್ತಿನ ಕೆಲಸ ಕಡಿಮೆಯಾಗಿದೆ. ಹಾಗಿದ್ದೂ ಲಾಭದ ಲೆಕ್ಕವಿಲ್ಲದೆ ಹೋರಿಯನ್ನು ಸಾಕುವ ಮನೆಗಳಿವೆ. ಮನೆಯವರ ಊಟಕ್ಕೆ ಮೊದಲು ಅದರ ಗೋದಲಿಗೆ ಮೇವು ಬೀಳುತ್ತದೆ. ಹುರುಳಿ ಬೇಯಿಸುವ ತಾಯಿ, ಬೆಳಿಗ್ಗೆ ಕೆರೆಗೆ ಕರೆದೊಯ್ದು ಈಜಿಸುವ ಮಗ, ಸಂಜೆ ಮೈ ನೀವುವ ಅಜ್ಜ ಎಲ್ಲರಿಗೂ ಅದು ಮನೆಯ ಮಗನಂತೆ. ಸತ್ತ ಹೋರಿಯನ್ನು ವಾದ್ಯದೊಡನೆ ಮೆರವಣಿಗೆ ಮಾಡಿ ಮಣ್ಣು ಮಾಡುವುದೂ ಈ ಭಾಗದಲ್ಲಿ ಹೊಸತಲ್ಲ. ಈ ಪ್ರೀತಿ ಸುಳ್ಳೆಂದು ಹೇಳುವವರಿಗೆ ಈ ನೆಲದ ಪರಿಚಯವಿಲ್ಲ. ಆದರೆ ದನದ ಮನೆಯಲ್ಲಿ ಇಷ್ಟು ಉದಾರವಾದ ಪ್ರೀತಿ ಅಖಾಡದ ಬಾಗಿಲಿನವರೆಗೆ ಮಾತ್ರ ಬಂದು, ಅಲ್ಲಿ ಹೋರಿಯ ಕೈಬಿಡುವುದು ಸರಿಯೇ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಸ್ಪರ್ಧೆಯ ಹೆಸರನ್ನೇ ನೋಡಬಹುದು. ಬೆದರುವುದು ಯಾರು? ಹೋರಿಯು ನುಗ್ಗಿ ಬರುವಾಗ ಜನ ಬೆದರುವುದು ನಿಜ. ಆದರೆ ಮೊದಲು ಬೆದರಿರುವುದು ಹೋರಿ. ಅದು ಹುಲಿಯಲ್ಲ, ಹುಲ್ಲು ಮೇಯುವ ಪ್ರಾಣಿ. ಅಪಾಯ ಕಂಡರೆ ಓಡಿ ಪಾರಾಗುವುದು ಅಂಥ ಪ್ರಾಣಿಗಳಿಗೆ ಪ್ರಕೃತಿ ಕಲಿಸಿದ ಮೊದಲ ಪಾಠ. ರಾಣೆಬೆನ್ನೂರಿನ ಬಳಿ ಕೃಷ್ಣಮೃಗಗಳ ಅಭಯಾರಣ್ಯವಿದೆ. ಅಲ್ಲಿ ಯಾರಾದರೂ ಸಮೀಪಿಸಿದೊಡನೆ ಮೃಗದ ಹಿಂಡು ಚಂಗನೆ ಜಿಗಿದು ಮಾಯವಾಗುತ್ತದೆ. ಅದನ್ನು ಯಾರೂ ಪೌರುಷವೆಂದು ಕರೆಯುವುದಿಲ್ಲ, ಭಯವೆಂದೇ ತಿಳಿಯುತ್ತಾರೆ. ಜನರ ನಡುವೆ ದಾರಿ ಕಾಣದೆ ಓಡುವ ಹೋರಿಯ ಮನಸ್ಸೂ ಬಹುಮಟ್ಟಿಗೆ ಅದೇ.

ಅದರ ಇಂದ್ರಿಯಗಳ ರಚನೆ ಈ ಭಯವನ್ನು ಇಮ್ಮಡಿಗೊಳಿಸುತ್ತದೆ. ದನಗಳ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅವಕ್ಕೆ ಸುಮಾರು 330 ಡಿಗ್ರಿಯಷ್ಟು ವಿಸ್ತಾರದ ನೋಟವಿದೆ. ಆದರೆ ನೇರ ಹಿಂಭಾಗ ಕಾಣುವುದಿಲ್ಲ. ಆಳ ಮತ್ತು ದೂರಗಳ ಅಂದಾಜೂ ಮನುಷ್ಯನಷ್ಟು ಚೆನ್ನಾಗಿ ಸಿಕ್ಕುವುದಿಲ್ಲ; ನೆಲದ ಮೇಲಿನ ನೆರಳೂ ಅದಕ್ಕೆ ಗುಂಡಿಯಂತೆ ತೋರಬಹುದು. ಮನುಷ್ಯನ ಕಿವಿಗೆ ಕೇಳದಷ್ಟು ತಾರಸ್ಥಾಯಿಯ ಧ್ವನಿಯೂ ಅದರ ಕಿವಿಗೆ ಕೇಳುತ್ತದೆ. ಧ್ವನಿವರ್ಧಕ, ಪಟಾಕಿ, ಸಾವಿರಾರು ಜನರ ಕೂಗು, ಹಿಂದಿನಿಂದ ಒಮ್ಮೆಲೇ ಬಂದು ಕೊರಳಿಗೆ ಬೀಳುವ ಕೈಗಳು ಇವೆಲ್ಲ ಆ ಪ್ರಾಣಿಗೆ ಹೇಗೆ ತೋರುತ್ತವೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಕನ್ನಡದಲ್ಲಿ ‘ಬೆದರಿಸು’ ಎಂಬ ಮಾತಿನ ಎದುರಿಗೆ ‘ಪಳಗಿಸು’ ಎಂಬ ಮಾತಿದೆ. ಪಳಗುವುದೆಂದರೆ ರೂಢಿಯಾಗುವುದು, ಪರಿಚಯದಿಂದ ಹೆದರಿಕೆ ಕಳೆದುಕೊಳ್ಳುವುದು. ಒಳ್ಳೆಯ ಹೋರಿಗಾರರು ಮಾಡುವುದು ಇದನ್ನೇ. ಕರುವಾಗಿದ್ದಾಗಲೇ ಅದಕ್ಕೆ ಮನುಷ್ಯರ ಕೈಯ ಸ್ಪರ್ಶವನ್ನು ರೂಢಿ ಮಾಡಿಸುತ್ತಾರೆ. ಮೊದಲು ನಾಲ್ಕು ಜನರ ನಡುವೆ, ಆಮೇಲೆ ಸಂತೆಯ ಗದ್ದಲದ ನಡುವೆ ನಡೆಸುತ್ತಾರೆ. ಸರದ ಭಾರವನ್ನು ಒಮ್ಮೆಗೇ ಹೇರದೆ ದಿನಕ್ಕಿಷ್ಟೆಂದು ಏರಿಸುತ್ತಾರೆ. ಮೆತ್ತನೆಯ ಮಣ್ಣಿನ ಹೊಲದಲ್ಲಿ ಓಡಿಸಿ, ದಣಿವು ಕಂಡೊಡನೆ ನಿಲ್ಲಿಸಿ, ಹಣೆ ತುರಿಸಿ ಒಂದು ತುಂಡು ಬೆಲ್ಲ ಕೊಡುತ್ತಾರೆ. ಇದಕ್ಕೆ ತಿಂಗಳುಗಳು ಬೇಕು, ತಾಳ್ಮೆ ಬೇಕು. ತಾಳ್ಮೆಯಿಲ್ಲದವನಿಗೆ ಬಾರುಕೋಲು ಸುಲಭದ ದಾರಿಯಾಗಿ ಕಾಣುತ್ತದೆ.

ಈ ವಿವೇಕ ಹೋರಿಗಷ್ಟೇ ಸೀಮಿತವಾದುದಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಕನ್ನಡ ನಾಡಿನ ಹೆಮ್ಮೆ. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಹೊರಬಂದಿತು. 2016ರಲ್ಲಿ ಈ ತಳಿಯ ಮರಿಗಳನ್ನು ತರಬೇತಿಗಾಗಿ ಮೀರತ್ತಿನ ಸೇನಾ ಕೇಂದ್ರಕ್ಕೆ ಒಯ್ಯಲಾಯಿತು. ನಾಯಿಗಳಿಗೆ ಕಲಿಸುವವರು ಅನುಭವದಿಂದ ಕಂಡುಕೊಂಡಿರುವ ವಿಷಯವೆಂದರೆ, ಏಟಿಗೆ ಅಂಜಿ ಕಲಿತ ನಾಯಿ ಕೋಲು ಕಾಣುವವರೆಗೆ ಮಾತ್ರ ಹೇಳಿದ ಮಾತು ಕೇಳುತ್ತದೆ. ಮಾಡಿದ ಕೆಲಸಕ್ಕೆ ಆ ಕ್ಷಣದಲ್ಲೇ ತಿನಿಸೋ ಮೆಚ್ಚುಗೆಯೋ ದೊರೆತ ನಾಯಿ ಮತ್ತೆ ಮತ್ತೆ ತಾನಾಗಿ ಆ ಕೆಲಸಕ್ಕೆ ಮುಂದಾಗುತ್ತದೆ. ಬಾಲ ಮುದುರಿಕೊಂಡು ಸ್ಪರ್ಧೆಯ ಕಣಕ್ಕೆ ಬಂದ ನಾಯಿಯನ್ನು ಅಂದು ಮನೆಗೆ ಕರೆದೊಯ್ಯುವವನೇ ಅದರ ನಿಜವಾದ ಗುರು. ನಾಯಿಯ ಬಾಲ ಹೇಳುವುದನ್ನು ಹೋರಿಯ ಕಣ್ಣು ಹೇಳುತ್ತದೆ.

ಹೋರಿಯನ್ನು ಮೂಕಪ್ರಾಣಿ ಎನ್ನುವುದು ವಾಡಿಕೆ. ಆದರೆ ಅದು ಮೂಕವಲ್ಲ, ಅದರ ಭಾಷೆ ಬೇರೆ. ಕಣ್ಣಿನ ಬಿಳಿಯ ಭಾಗ ಎದ್ದು ಕಾಣುವುದು, ಕಿವಿ ಒಂದೆಡೆ ನಿಲ್ಲದಿರುವುದು, ಬುಸುಗುಟ್ಟುವುದು, ಮತ್ತೆ ಮತ್ತೆ ತೆಳ್ಳಗೆ ಸಗಣಿ ಹಾಕುವುದು, ಹೆಜ್ಜೆ ಕಿತ್ತಿಡದೆ ಹಿಂದಕ್ಕೆ ಜಗ್ಗುವುದು ಎಲ್ಲವೂ ಒಂದೇ ಅರ್ಥದ ಮಾತುಗಳು. ಹೋರಿ ಕಟ್ಟುವ ಮನೆಯ ಚಿಕ್ಕ ಮಕ್ಕಳೂ ಇವನ್ನು ಬಲ್ಲರು. ಅಖಾಡದ ದಿನ ಮಾತ್ರ ಬಲ್ಲವರೂ ಅರಿಯದವರಂತೆ ನಡೆದುಕೊಳ್ಳುತ್ತಾರೆ. ಹೋರಿ ಹಿಂಜರಿದರೆ ಬಾಲ ತಿರುಚುವುದು, ಮೂಗುದಾರ ಜಗ್ಗುವುದು, ಚುಚ್ಚುವುದು, ಮದ್ಯ ಕುಡಿಸುವುದು, ಕಣ್ಣಿಗೆ ಖಾರ ತಾಗಿಸುವುದು ಮೊದಲಾದ ಕ್ರೌರ್ಯಗಳು ಇಂಥ ಕ್ರೀಡೆಗಳ ಸುತ್ತ ಬೆಳೆದಿವೆ. ಎಲ್ಲರೂ ಹೀಗೆ ಮಾಡುವುದಿಲ್ಲ. ಮಾಡುವವನನ್ನು ಕಂಡೂ ಸುಮ್ಮನಿರುವವರು ಮಾತ್ರ ಬಹಳ. ಬ್ಯಾಡಗಿಯ ಮೆಣಸಿನಕಾಯಿ ಅಡುಗೆಗೆ ಬಣ್ಣ ಕೊಟ್ಟು ಲೋಕಪ್ರಸಿದ್ಧವಾದುದು; ಅದರ ಪುಡಿ ಹೋರಿಯ ಕಣ್ಣಿಗೆ ಬಿದ್ದರೆ ಆ ಊರಿನ ಹೆಸರಿಗೇ ಅಪಚಾರ.

ಪ್ರೀತಿಯಿಂದಲೂ ಕೇಡಾಗಬಹುದು. ಸ್ಪರ್ಧೆ ಹತ್ತಿರವಾದಂತೆ ಬಲ ಬರಲೆಂದು ಹಿಟ್ಟು, ಕಾಳು, ಬೆಲ್ಲಗಳನ್ನು ಒಮ್ಮೆಲೇ ಹೇರಳವಾಗಿ ತಿನ್ನಿಸುವವರಿದ್ದಾರೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ನಾರಿನ ಮೇವಿಗಾಗಿ ಆದುದು. ಅಲ್ಲಿರುವ ಸೂಕ್ಷ್ಮಜೀವಿಗಳು ಮೇವನ್ನು ಜೀರ್ಣಿಸುತ್ತವೆ. ಹಿಟ್ಟು ಕಾಳು ಹಠಾತ್ತನೆ ಹೆಚ್ಚಾದರೆ ಹೊಟ್ಟೆಯಲ್ಲಿ ಆಮ್ಲ ಏರಿ, ಮೆಲುಕು ನಿಂತು, ಪ್ರಾಣಕ್ಕೇ ಕುತ್ತು ಬರುವುದುಂಟು. ಮಗನಿಗೆ ಪರೀಕ್ಷೆಯ ಹಿಂದಿನ ರಾತ್ರಿ ವರ್ಷದ ಪಾಠವನ್ನೆಲ್ಲ ಓದಿಸಹೊರಟ ತಂದೆಯ ಹಾಗೆ ಇದು.

ಕಾನೂನಿನ ದಾರಿಯೂ ಈ ವಿಷಯದಲ್ಲಿ ಅಂಕುಡೊಂಕಾಗಿದೆ. ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂದಿತು. ಪ್ರಾಣಿಯನ್ನು ಹೊಡೆಯುವುದು, ಒದೆಯುವುದು, ಮಿತಿಮೀರಿ ಓಡಿಸುವುದು ಅದರ ಪ್ರಕಾರ ಅಪರಾಧ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು ಹಾಗೂ ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಹಸಿವು ಬಾಯಾರಿಕೆಗಳಿಂದ, ಭಯದಿಂದ, ದೇಹದ ಅಸೌಖ್ಯದಿಂದ, ನೋವು ಗಾಯ ರೋಗಗಳಿಂದ ಬಿಡುಗಡೆ, ಸಹಜ ಸ್ವಭಾವದಂತೆ ಬದುಕುವ ಅವಕಾಶ ಎಂಬ ಐದು ಸ್ವಾತಂತ್ರ್ಯಗಳನ್ನು ಆ ತೀರ್ಪು ಎತ್ತಿಹಿಡಿಯಿತು. 1965ರಲ್ಲಿ ಬ್ರಿಟನ್ನಿನ ಬ್ರಾಂಬೆಲ್ ಸಮಿತಿ ಸಾಕುಪ್ರಾಣಿಗಳ ಸ್ಥಿತಿಯನ್ನು ಕುರಿತು ಕೊಟ್ಟ ವರದಿಯಿಂದ ಬೆಳೆದುಬಂದ ವಿಚಾರವದು. ಅನಂತರ 2017ರಲ್ಲಿ ತಮಿಳುನಾಡಿನಂತೆ ಕರ್ನಾಟಕವೂ ಕಾಯಿದೆಗೆ ತಿದ್ದುಪಡಿ ತಂದು ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟಗಳಿಗೆ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠ ಇಂಥ ತಿದ್ದುಪಡಿಗಳನ್ನು ಮಾನ್ಯಮಾಡಿತು.

ಈ ತೀರ್ಪನ್ನು ಜಯವೆಂದು ಮೆರೆಸಿದವರು ಅನೇಕರು. ಆದರೆ ನ್ಯಾಯಾಲಯ ಕೊಟ್ಟುದು ಅನುಮತಿಯನ್ನೇ ಹೊರತು ಹಿಂಸೆಗೆ ಪರವಾನಗಿಯನ್ನಲ್ಲ. ಪ್ರಾಣಿಯ ನೋವನ್ನು ಕಡಿಮೆ ಮಾಡುವ ನಿಯಮಗಳಿಗೆ ಒಳಪಟ್ಟೇ ಆ ಅನುಮತಿ ನಿಲ್ಲುತ್ತದೆ. ಪರಂಪರೆಯ ವಾದವನ್ನೂ ಸ್ವಲ್ಪ ಒರೆಗೆ ಹಚ್ಚಬೇಕು. ಧ್ವನಿವರ್ಧಕ, ಬೈಕಿನ ಬಹುಮಾನ, ಲಾರಿಯಲ್ಲಿ ನಿಲ್ಲಿಸಿ ಊರೂರಿಗೆ ಸಾಗಿಸುವುದು ಇವು ಯಾವ ಅಜ್ಜನ ಕಾಲದ ಪರಂಪರೆ? ಹಬ್ಬದ ಹೆಸರಿನಲ್ಲಿ ಹೊಸತು ಇಷ್ಟೆಲ್ಲ ಬಂದು ಸೇರಬಹುದಾದರೆ, ಹೋರಿಗೆ ಹಿತವಾದ ನಾಲ್ಕು ಹೊಸ ಕಟ್ಟಳೆಗಳು ಸೇರುವುದಕ್ಕೆ ಅಡ್ಡಿಯೇನು?

ಅಂಥ ಕಟ್ಟಳೆಗಳಲ್ಲಿ ಮೊದಲನೆಯದು ಪಶುವೈದ್ಯರ ಮಾತಿಗೆ ಮನ್ನಣೆ. ದನದ ಸಹಜ ಮೈಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಜ್ವರವಿರುವ, ಕುಂಟುವ, ಗಾಯಗೊಂಡ ಹೋರಿ ಎಷ್ಟೇ ಹೆಸರುವಾಸಿಯಾಗಿದ್ದರೂ ಅಖಾಡಕ್ಕೆ ಇಳಿಯಬಾರದು. 2022ರಲ್ಲಿ ಚರ್ಮಗಂಟು ರೋಗ ಹಾವೇರಿ ಜಿಲ್ಲೆಯನ್ನು ಕಾಡಿದಾಗ ದನಗಳು ಒಂದೆಡೆ ಸೇರುವುದೇ ಅಪಾಯವೆಂಬುದು ಎಲ್ಲರಿಗೂ ಅರಿವಾಯಿತು. ಆ ಎಚ್ಚರ ಒಂದು ವರ್ಷಕ್ಕೆ ಮುಗಿಯಬೇಕಾದುದಲ್ಲ. ಓಡುವ ದಾರಿ ಡಾಂಬರಿನದಾಗಿರದೆ ಮಣ್ಣಿನದಾಗಿರಬೇಕು. ಗಟ್ಟಿ ನೆಲದಲ್ಲಿ ಗೊರಸು ಜಾರಿ ಕಾಲು ಮುರಿದ ಹೋರಿಗೆ ಮುಂದೆ ಬದುಕಿಲ್ಲ. ದಾರಿಯ ಇಕ್ಕೆಲಗಳಲ್ಲಿ ಗಟ್ಟಿಯಾದ ಬೇಲಿಯಿರಬೇಕು. ಇದು ಹೋರಿಗೆ ಹೇಗೋ ಹಾಗೆ ಜನರಿಗೂ ರಕ್ಷೆ. ನೋಡಲು ನಿಂತವರೇ ಕೊಂಬಿನ ತಿವಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ ದೀಪಾವಳಿಗಳನ್ನು ಈ ಸೀಮೆ ಕಂಡಿದೆ. ಭಯಗೊಂಡ ಹೋರಿಗೆ ಹಿಡಿಯುವವನು ಯಾರು, ನೋಡುವ ಮಗು ಯಾವುದು ಎಂಬ ಭೇದ ತಿಳಿಯದು.

ಇನ್ನು ಬಹುಮಾನದ ವಿಚಾರ. ಗೆದ್ದ ಹೋರಿಗೆ ಕೊಡುವಂತೆ, ಮೈಮೇಲೆ ಬಾಸುಂಡೆಯಿಲ್ಲದೆ, ಕಣ್ಣು ಕೆಂಪಾಗದೆ, ಸಮಾಧಾನದಿಂದ ಬಂದು ಸಮಾಧಾನದಿಂದ ಹೋದ ಹೋರಿಯ ಒಡೆಯನಿಗೂ ಊರವರು ಶಾಲು ಹೊದಿಸುವುದಾದರೆ ಹೋರಿಗಾರರ ಪೈಪೋಟಿಯ ದಿಕ್ಕೇ ಬದಲಾಗಬಹುದು. ಮನುಷ್ಯನು ಹೊಗಳಿಕೆ ಎಲ್ಲಿದೆಯೋ ಅಲ್ಲಿಗೆ ನಡೆಯುತ್ತಾನೆ. ಆ ವಿಷಯದಲ್ಲಿ ಅವನಿಗೂ ಬೆಲ್ಲದ ತುಂಡಿಗೆ ಬರುವ ಹೋರಿಗೂ ದೊಡ್ಡ ವ್ಯತ್ಯಾಸವಿಲ್ಲ.

ಹೋರಿಯ ಪರವಾಗಿ ‘ಒಲ್ಲೆ’ ಎನ್ನಬಲ್ಲವನು ಅದರ ಹಗ್ಗ ಹಿಡಿದವನೊಬ್ಬನೇ. ಜನ ಕಾದಿರುವಾಗ, ಗೆಳೆಯರು ಹುರಿದುಂಬಿಸುವಾಗ, ಮೈಕಿನಲ್ಲಿ ಹೋರಿಯ ಹೆಸರು ಕೂಗುತ್ತಿರುವಾಗ ಹಾಗೆ ಹೇಳಲು ಕೊಂಬು ಹಿಡಿಯುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಹೇಳದೆ ಹೋದರೆ ಅಪಜಯದ ಹೊಣೆ ಹೋರಿಯ ಮೇಲೆ ಬೀಳುತ್ತದೆ; ಗಾಯವೂ ಅದರದೇ.

ಓಟ ಮುಗಿದ ಸಂಜೆ ಮಾಡಬೇಕಾದ ಕೆಲಸಗಳನ್ನು ಹಳಬರು ತಪ್ಪದೆ ಮಾಡುತ್ತಾರೆ. ಸರ, ಝೂಲಗಳನ್ನು ಇಳಿಸಿ, ಏದುಸಿರು ತಗ್ಗುವ ತನಕ ಮೆಲ್ಲಗೆ ನಡೆದಾಡಿಸಿ, ಸ್ವಲ್ಪಸ್ವಲ್ಪವಾಗಿ ನೀರು ಕುಡಿಸುತ್ತಾರೆ. ಕಾಲು, ಗೊರಸು, ಕೊರಳುಗಳನ್ನು ಕೈಯಾಡಿಸಿ ನೋಡುತ್ತಾರೆ. ಆಮೇಲೆ ಕತ್ತಲ ದನದ ಮನೆಯಲ್ಲಿ ಅದರ ಪಕ್ಕ ಕುಳಿತು ಕಾಯುತ್ತಾರೆ. ಮನಸ್ಸು ನೆಮ್ಮದಿಯಾದ ಹೋರಿ ಮಲಗಿ ಮೆಲುಕು ಹಾಕತೊಡಗುತ್ತದೆ. ರಾತ್ರಿ ಬಹಳ ಹೊತ್ತಾದರೂ ಮೆಲುಕಿನ ಸದ್ದು ಕೇಳದಿದ್ದರೆ ಬೆಳಗಾಗುವುದರೊಳಗೆ ಪಶುವೈದ್ಯರಿಗೆ ಕರೆ ಹೋಗುತ್ತದೆ. ಮರುದಿನ ಸ್ಪರ್ಧೆಯಿರುವ ಊರಿಗೂ ಈ ಸಲ ಹೋರಿ ಬರುವುದಿಲ್ಲವೆಂದು ಹೇಳಿಕಳುಹಿಸುತ್ತಾರೆ.