ಕೂಸಿನ ನೋವು ಯಾರ ಲೆಕ್ಕಕ್ಕೆ?

ಗಿರಣಿಯಲ್ಲಿ ಕೈಗೆ ಪೆಟ್ಟಾದ ಕಾರ್ಮಿಕ ಬಾಯಿ ಬಿಟ್ಟು ಹೇಳಬಲ್ಲ. ಅವನ ಬೆನ್ನಿಗೆ ಸಂಘವಿದೆ, ವಿಮೆಯ ಚೀಟಿಯಿದೆ. ಹುಟ್ಟಿ ಮೂರು ದಿನವಾದ ಕೂಸಿಗೆ ಯಾರಿದ್ದಾರೆ?

ಮೊನ್ನೆ ಗೋಕಾಕದ ನಮ್ಮ ಕಾರ್ಯಾಲಯಕ್ಕೆ ಬಂದ ನೂಲಿನ ಖಾತೆಯ ಹಿರಿಯ ಕಾರ್ಮಿಕರೊಬ್ಬರು ಪಗಾರದ ತಕರಾರು ಹೇಳಿ ಮುಗಿಸಿ, ಏಳುವ ಹೊತ್ತಿಗೆ ಬೇರೊಂದು ಮಾತು ತೆಗೆದರು. ದಿನ ತುಂಬದೆ ಹುಟ್ಟಿದ ಮೊಮ್ಮಗಳು ಎರಡು ವಾರ ಒಂದು ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳಂತೆ. “ಹಿಮ್ಮಡ ತುಂಬ ಸೂಜಿ ಗುರ್ತು, ಮಾಸ್ತರ. ಕೇಳಿದ್ರ, ಇಷ್ಟ್ ಸಣ್ಣ ಕೂಸಿಗೆ ಏನ್ ತಿಳೀತದ ಅಂದ್ರು.” ಮಗು ಬದುಕಿದೆ, ಅದಕ್ಕಾಗಿ ಅವರು ಆ ವೈದ್ಯರಿಗೆ ಕೈಮುಗಿಯುತ್ತಾರೆ. ಆದರೂ ಆ ಒಂದು ಮಾತು ಅವರ ಎದೆಯಲ್ಲಿ ಮುಳ್ಳಾಗಿ ಉಳಿದಿದೆ.

ಆ ಮಾತು ಅಂದವರನ್ನಷ್ಟೇ ದೂರಿ ಫಲವಿಲ್ಲ. ಒಂದು ಕಾಲಕ್ಕೆ ದೊಡ್ಡ ದೊಡ್ಡ ವೈದ್ಯಶಾಲೆಗಳೇ ಇದನ್ನು ಕಲಿಸಿದವು. ಹಸುಗೂಸಿನ ನರಗಳು ಬಲಿತಿಲ್ಲ, ಅದಕ್ಕೆ ನೋವಿಲ್ಲ, ಇದ್ದರೂ ನೆನಪುಳಿಯದು ಎಂಬುದು ಅವರ ವಾದ. 1985ರಲ್ಲಿ ಅಮೇರಿಕೆಯ ರಾಜಧಾನಿಯಲ್ಲಿಯೇ ದಿನ ತುಂಬದ ಒಂದು ಕೂಸಿನ ಎದೆಯನ್ನು ಸೀಳಿ ಶಸ್ತ್ರಕ್ರಿಯೆ ಮಾಡಿದಾಗ, ಅದು ಅಲುಗಾಡದಿರಲೆಂದು ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಕೊಟ್ಟರೇ ಹೊರತು ನೋವಿಗೆ ಏನನ್ನೂ ಕೊಡಲಿಲ್ಲ. ಕೂಸು ಉಳಿಯಲಿಲ್ಲ. ತಾಯಿ ಸುಮ್ಮನೆ ಕೂಡದೆ ಲೋಕಕ್ಕೆಲ್ಲ ಸಾರಿದಳು.

ಈ ಮೂಢತನವನ್ನು ಮುರಿದವರಲ್ಲಿ ಮುಂದಾಳು ನಮ್ಮ ದೇಶದವರೇ. ಇಂದೋರಿನಲ್ಲಿ ವೈದ್ಯ ಕಲಿತು ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದ ಡಾ. ಕನ್ವಲ್‌ಜಿತ್ ಸಿಂಗ್ ಆನಂದ್, ಶಸ್ತ್ರಕ್ರಿಯೆಯಾಗಿ ಬಂದ ಕೂಸುಗಳು ಕಂಗೆಟ್ಟು ಹೋಗುವುದನ್ನು ಕಂಡು ಕಾರಣ ಹುಡುಕಿದರು. ನೋವು ತಡೆಯುವ ಔಷಧ ಪಡೆದ ಕೂಸುಗಳ ಮೈಯಲ್ಲಿ ತಲ್ಲಣ ಕಡಿಮೆ, ಆಮೇಲಿನ ತೊಂದರೆಗಳೂ ಕಡಿಮೆ ಎಂದು 1987ರಲ್ಲಿ ಅವರೂ ಅವರ ಸಂಗಡಿಗರೂ ತೋರಿಸಿಕೊಟ್ಟರು. ನೋವನ್ನು ಒಯ್ಯುವ ದಾರಿ ಹುಟ್ಟುವ ಮೊದಲೇ ಸಿದ್ಧವಾಗಿರುತ್ತದೆ, ಅದನ್ನು ತಗ್ಗಿಸುವ ವ್ಯವಸ್ಥೆ ಮಾತ್ರ ಬಲಿತಿರುವುದಿಲ್ಲ ಎಂಬುದು ಇಂದಿನ ತಿಳಿವಳಿಕೆ. ಎಂದರೆ ನಮಗಿಂತ ಕೂಸಿಗೇ ನೋವು ಹೆಚ್ಚಾದೀತು.

ಬಾಯಿಲ್ಲದ ಜೀವದ ನೋವನ್ನು ಅಳೆಯುವುದು ಹೇಗೆ? ಮುಖ ನೋಡಿ. ಹುಬ್ಬು ಗಂಟಿಕ್ಕುತ್ತದೆ, ಕಣ್ಣು ಬಿಗಿಯಾಗಿ ಮುಚ್ಚುತ್ತದೆ, ಮೂಗಿನ ಬದಿಯಿಂದ ತುಟಿಗೆ ಇಳಿಯುವ ಗೆರೆ ಆಳವಾಗುತ್ತದೆ. ಎದೆಬಡಿತ ಏರುತ್ತದೆ, ರಕ್ತದಲ್ಲಿ ಪ್ರಾಣವಾಯು ಇಳಿಯುತ್ತದೆ. 1990ರ ದಶಕದಲ್ಲಿ ಕೆನಡಾದವರು ರೂಪಿಸಿದ ಒಂದು ಪಟ್ಟಿಯಲ್ಲಿ ಮುಖ, ಅಳು, ಉಸಿರು, ಕೈ, ಕಾಲು, ಎಚ್ಚರ ಎಂಬ ಆರು ಸಂಗತಿಗಳಿಗೆ ಒಟ್ಟು 7 ಅಂಕ. ಶಾಲೆಯಲ್ಲಿ ನೂರಾರು ಪತ್ರಿಕೆ ತಿದ್ದಿದ ನಮಗೆ ಇದು ಕಷ್ಟದ ಲೆಕ್ಕವೆನಿಸುವುದಿಲ್ಲ. ದಾದಿಗೆ ಒಂದು ನಿಮಿಷದ ಕೆಲಸ. ಒಂದು ಎಚ್ಚರಿಕೆ ಬೇಕು. ತೀರ ಬಡವಾದ ಕೂಸು ಅಳಲಾರದು. ಸುಮ್ಮನಿದೆ ಎಂದರೆ ಸುಖವಾಗಿದೆ ಎಂದಲ್ಲ.

ಪರಿಹಾರಕ್ಕೆ ಲಕ್ಷಾಂತರ ರೂಪಾಯಿಯ ಯಂತ್ರವೇನೂ ಬೇಡ. ಶಸ್ತ್ರಕ್ರಿಯೆಗೆ, ಉಸಿರಿನ ಯಂತ್ರಕ್ಕೆ ತಕ್ಕ ಔಷಧ ಬೇಕು ನಿಜ, ಅದು ತಜ್ಞರ ಕೆಲಸ. ದಿನದಿನದ ಸೂಜಿಗೆ ಮಾತ್ರ ತಾಯಿಯ ಮೊಲೆಹಾಲೇ ಮದ್ದು: ಚುಚ್ಚುವಾಗ ಕೂಸು ಮೊಲೆ ಕಚ್ಚಿರಲಿ, ಇಲ್ಲವೆ ತಾಯಿಯ ಬರಿಯೆದೆಗೆ ಒರಗಿರಲಿ. ಅದಾಗದಿದ್ದರೆ ಚುಚ್ಚುವ ಎರಡು ನಿಮಿಷ ಮೊದಲು ನಾಲಿಗೆಯ ಮೇಲೆ ಅಳತೆಯ ಕೆಲವೇ ಹನಿ ಸಕ್ಕರೆ ದ್ರಾವಣ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರಖಾನೆ ಕಟ್ಟಿದ ಸೀಮೆಯವರಿಗೆ ಎರಡು ಹನಿ ಸಕ್ಕರೆ ನೀರು ತುಟ್ಟಿಯೆ? (ಇದನ್ನು ದವಾಖಾನೆಯವರೇ ಶುದ್ಧವಾಗಿ ಕೊಡತಕ್ಕದ್ದು, ಮನೆಯಲ್ಲಿ ಕಲಸಿ ಕುಡಿಸಬಾರದು.) ಇನ್ನು ರಕ್ತ ತೆಗೆಯುವುದಿದ್ದರೆ, ಕೈ ಪಳಗಿದವರು ನರದಿಂದ ತೆಗೆಯುವುದು ಹಿಮ್ಮಡಿ ಚುಚ್ಚಿ ಹಿಂಡುವುದಕ್ಕಿಂತ ಕಡಿಮೆ ನೋವು.

ಇಷ್ಟು ಸುಲಭವಿದ್ದೂ ಏಕೆ ಆಗುತ್ತಿಲ್ಲ? ಬಡತನವೊಂದೇ ಕಾರಣವಲ್ಲ. ಸಿರಿವಂತ ಪ್ಯಾರಿಸಿನ ಸುತ್ತಿನ ದವಾಖಾನೆಗಳಲ್ಲಿ 2005-06ರಲ್ಲಿ 430 ಕೂಸುಗಳ ಲೆಕ್ಕ ಇಟ್ಟರು. ಒಂದೊಂದು ಕೂಸಿಗೆ ದಿನಕ್ಕೆ ಸುಮಾರು ಹತ್ತು ಸಲ ನೋವು. ನೂರರಲ್ಲಿ 79 ಸಲ ಮುಂಚಿತವಾಗಿ ಯಾವ ಉಪಶಮನವೂ ಇಲ್ಲ. ರೂಢಿಯೆಂಬುದು ಎಲ್ಲೆಡೆ ಒಂದೇ. ನಮ್ಮಲ್ಲಿ ಅದಕ್ಕೆ ದಾದಿಯರ ಕೊರತೆ ಕೂಡಿಕೊಳ್ಳುತ್ತದೆ. ಹತ್ತು ತೊಟ್ಟಿಲಿಗೆ ಒಬ್ಬಳು ನಿಂತರೆ ಅವಳಾದರೂ ಏನು ಮಾಡಿಯಾಳು? ಆದ್ದರಿಂದ ನಮ್ಮ ಜಗಳ ಅವಳೊಂದಿಗಲ್ಲ. ಖಾಲಿ ಹುದ್ದೆ ತುಂಬದವರೊಂದಿಗೆ.

ಇನ್ನೊಂದು ತಪ್ಪು ನಮ್ಮ ಮನೆಯೊಳಗಿನದು. ಹೊಟ್ಟೆ ಉಬ್ಬಿತು, ಕಾಮಾಲೆಯಾಯಿತು ಎಂದು ಎಳೆಗೂಸಿಗೆ ಬರೆ ಹಾಕುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಪೂರ್ತಿ ಸತ್ತಿಲ್ಲ. ಕಾಸಿದ ಬಳೆಗೆ ಒಪ್ಪಿಗೆ ಕೊಡುವ ಅಜ್ಜಿಯೂ “ಏನ್ ತಿಳೀತದ” ಎನ್ನುವ ದವಾಖಾನೆಯೂ ಒಂದೇ ನಂಬಿಕೆಯ ಎರಡು ಕವಲು.

ತಾಯಿಯನ್ನು ಬಾಗಿಲ ಹೊರಗೆ ಕೂಡಿಸುವ ನಿಯಮ ಮೊದಲು ಹೋಗಬೇಕು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೇ ಸರಕಾರಿ ದವಾಖಾನೆಗಳಲ್ಲಿ ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಕಟ್ಟುವ ಕಾಂಗರೂ ಆರೈಕೆಯನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರಕಾರದೊಂದಿಗೆ ಸೇರಿ ನಡೆಸಿ ತೋರಿಸಿದ್ದಾರೆ. ಕೊಪ್ಪಳದಲ್ಲಿ ಆದದ್ದು ಬೆಳಗಾವಿ ಜಿಲ್ಲೆಯಲ್ಲಿ ಏಕಾಗದು?

ಸರಕಾರಿ ದವಾಖಾನೆಯಲ್ಲಿ ಕಾಯಿಲೆಬಿದ್ದ ಕೂಸಿಗೆ ಔಷಧ, ತಪಾಸಣೆ, ವಾಹನ ಎಲ್ಲ ಪುಕ್ಕಟೆ ಎಂಬ ನಿಯಮ 2011ರಿಂದ ಇದೆ. ಚೀಟಿ ಕೊಟ್ಟು ಹೊರಗಿನ ಅಂಗಡಿಗೆ ಕಳಿಸಿದರೆ ಕೇಳಿರಿ. ಪೇಟೆಯ ಸಣ್ಣ ವ್ಯಾಪಾರಿಗಳೂ ಕೇಳಬೇಕು. ಖಾಸಗಿ ದವಾಖಾನೆಯ ಒಂದು ವಾರದ ಬಿಲ್ಲಿಗೆ ಅಂಗಡಿಯ ಬಂಡವಾಳವೇ ಕರಗಿದವರು ಅವರಲ್ಲಿಯೂ ಇದ್ದಾರೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ನಮ್ಮ ಕಾರ್ಯಕರ್ತರು ಈ ತಿಂಗಳು ತಮ್ಮ ಸರಕಾರಿ ದವಾಖಾನೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಹೋಗಿ ಕೇಳತಕ್ಕದ್ದು ಇಷ್ಟು: ಕೂಸಿನ ನೋವಿನ ಅಂಕ ಬರೆಯುವ ಹಾಳೆ ತೊಟ್ಟಿಲಿಗೆ ತೂಗಿದೆಯೆ? ಸೂಜಿಯ ಹೊತ್ತಿಗೆ ತಾಯಿಯನ್ನು ಒಳಗೆ ಕರೆಯುತ್ತೀರಾ? ದಾದಿಯರ ಹುದ್ದೆ ಎಷ್ಟು, ತುಂಬಿದ್ದೆಷ್ಟು? ಉತ್ತರವನ್ನು ಬರೆದುಕೊಂಡು ನಮಗೆ ಕಳಿಸಲಿ. ಕೂಸಿನ ಹೆಸರು, ಮನೆತನದ ಹೆಸರು ಬೇಡ. ಬಂದ ಉತ್ತರಗಳನ್ನು ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ.